ನೀಲಿ ಹತ್ತಿದ ಸಾಲು

ನಮ್ಮ ಚಾಟ್ ಆ್ಯಪ್‌ನಲ್ಲಿ ದಪ್ಪಕ್ಷರ, ಬಣ್ಣ ಎಲ್ಲ ಚೆನ್ನಾಗಿಯೇ ಕಾಣುತ್ತಿತ್ತು. ಮೆಸೇಜನ್ನು ಮೌಸ್‌ನಿಂದ ಎಳೆದು, ನೀಲಿ ಹತ್ತಿಸಿ ಆಯ್ದುಕೊಳ್ಳಲು ಮಾತ್ರ ಬರುತ್ತಿರಲಿಲ್ಲ. ಅದನ್ನು ಸರಿಮಾಡುವ ಕೆಲಸ ನನ್ನ ತಲೆಗೆ ಬಿತ್ತು. ಪರೀಕ್ಷೆಗೆ ಯಾವುದಾದರೂ ಬರಹ ಬೇಕಿತ್ತಲ್ಲ, ಅಕ್ಕನ ಜೊತೆಗಿನ ನನ್ನ ಹಳೇ ಚಾಟನ್ನೇ ತುಂಬಿದೆ. ಅಕ್ಕ ತೀರಿಕೊಂಡು ಎಂಟು ತಿಂಗಳಾಗಿತ್ತು.

ಮಧ್ಯಾಹ್ನ ಊಟ ಮುಗಿಸಿ ಬಂದರೆ, ನಾನು ಅವಳಿಗೆ ಕೊನೆಯದಾಗಿ ಕಳಿಸಿದ್ದ ಸಾಲಿಗೆ ನೀಲಿ ಹತ್ತಿತ್ತು: ‘ಆಫೀಸಲ್ಲಿ ಸಿಕ್ಕಾಕೊಂಡೆ ಕಣಕ್ಕ, ಆಸ್ಪತ್ರೆಗೆ ಬರಕ್ಕಾಗಲಿಲ್ಲ.’

ನೀಲಿ ತೆಗೆದೆ. ನೋಡನೋಡುತ್ತಲೇ ಮತ್ತೆ ಹತ್ತಿತು, ಒಂದೊಂದೇ ಅಕ್ಷರವಾಗಿ, ಯಾರೋ ಬೆರಳಿಟ್ಟು ಓದಿದ ಹಾಗೆ.

“ನನ್ನ ಮೌಸ್ ಮುಟ್ಟಿದ್ಯೇನೋ?” ಎಂದು ಪಕ್ಕದ ಮೇಜಿನ ಗೆಳೆಯನನ್ನು ಕೇಳಿದೆ.

“ನನ್ನ ಕೆಲಸಾನೇ ಮುಗೀತಿಲ್ಲ, ನಿನ್ನ ಮೌಸ್ ಯಾವನಿಗೆ ಬೇಕೋ!”

ನಾನು ನಂಬಲಿಲ್ಲ. ಮೌಸನ್ನು ಕಿತ್ತು ಡ್ರಾಯರಿಗೆ ಹಾಕಿದೆ, ಇಂಟರ್ನೆಟ್ಟನ್ನೂ ತೆಗೆದೆ. ಆದರೂ ನೀಲಿ ಬಂತು. ಡ್ರಾಯರ್ ಎಳೆದು ಮೌಸ್ ಮುಟ್ಟಿದರೆ, ಯಾರೋ ಈಗಷ್ಟೇ ಕೈ ಬಿಟ್ಟಂತೆ ಬೆಚ್ಚಗಿತ್ತು.

ಗೆಳೆಯನ ಮೇಲಿನ ಅನುಮಾನ ನನಗಿನ್ನೂ ಪೂರ್ತಿ ಹೋಗಿಲ್ಲ. ಆದರೆ ಆ ಚಾಟ್‌ನಲ್ಲಿ ಇನ್ನೂರಕ್ಕೂ ಹೆಚ್ಚು ಮೆಸೇಜುಗಳಿದ್ದವು, ನೀಲಿ ಹತ್ತಿದ್ದು ಅದೊಂದಕ್ಕೇ. ಅಕ್ಕನಿಗೆ ಅದನ್ನು ಕಳಿಸಿದ ದಿನ ನಾನು ಆಫೀಸಿಗೇ ಹೋಗಿರಲಿಲ್ಲ ಎಂಬುದನ್ನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.