ಮೂರು ತಟ್ಟು, ಆಮೇಲೆ ಒಂದು

"ಸತ್ತವನನ್ನ ಯಾಕೆ ಎಬ್ಬಿಸಿದ್ರಿ?"

ನಮಸ್ಕಾರವಿಲ್ಲ, ಪರಿಚಯವಿಲ್ಲ. ಪ್ರಕಾಶನದ ಆ ಇಕ್ಕಟ್ಟಾದ ಕೋಣೆಯ ಬಾಗಿಲು ತಳ್ಳಿಕೊಂಡು ಬಂದವಳ ಬಾಯಿಂದ ಹೊರಟ ಮೊದಲ ಮಾತೇ ಅದು.

ಮೇಜಿನ ಆಚೆ ಕುಳಿತಿದ್ದ ಯುವಕ ಟೀ ಲೋಟವನ್ನು ತುಟಿಯ ಹತ್ತಿರವೇ ಹಿಡಿದು ನಿಲ್ಲಿಸಿದ.

"ಯಾರನ್ನ?"

"ಮಿಸ್ತ್ರಿನ! ಕೊನೇ ಕಂತಲ್ಲಿ ಇಂಜಿನ್ ಕೋಣೆ ಬಾಗಿಲು ಒಳಗಿಂದ ಹಾಕ್ಕೊಂಡು, ಎಲ್ಲರನ್ನೂ ಉಳಿಸಿ ಸತ್ತನಲ್ಲ, ಆ ಮಿಸ್ತ್ರಿನ! ನಿಮ್ಮ ಮೊದಲನೇ ಪುಟದಲ್ಲೇ ಕೆಮ್ತಾ ಎದ್ದು ಕೂತಿದ್ದಾನೆ!"

ಅವನು ಲೋಟವನ್ನು ಕೆಳಗಿಟ್ಟ. ಕೋಪ ಮಾಡಿಕೊಳ್ಳಲಿಲ್ಲ.

"ಸತ್ತಿದ್ದನ್ನ ಯಾರೂ ತೋರಿಸ್ಲಿಲ್ಲ," ಅಂದ ಮೆಲ್ಲಗೆ. "ಬಾಗಿಲು ಮುಚ್ಚಿದ್ದನ್ನ ಮಾತ್ರ ತೋರಿಸಿದ್ರು."

ಮೂಲೆಯಲ್ಲಿದ್ದ ಸಂಪಾದಕಿ ಕನ್ನಡಕದ ಮೇಲಿಂದ ಇಬ್ಬರನ್ನೂ ನೋಡಿದರು. "ಇವರು ನಮ್ಮ ಕಾದಂಬರಿಕಾರರು, ಇವರು ಕಂತು ಪರಿಶೀಲಿಸೋರು ಅಂತ ಹೇಳೋಣ ಅಂದ್ಕೊಂಡಿದ್ದೆ. ನನಗೆ ಕೆಲಸಾನೇ ಉಳಿಸ್ಲಿಲ್ವಲ್ಲ ನೀವು!"

ಅವಳಿಗೆ ನಗು ಬರಲಿಲ್ಲ.

'ಧ್ರುವನೌಕೆ' ಹದಿನೈದು ವರ್ಷದ ಹಿಂದಿನ ಟೀವಿ ಧಾರಾವಾಹಿ. ನಕ್ಷತ್ರಗಳ ನಡುವೆ ದಾರಿ ತಪ್ಪಿದ ಒಂದು ಹಡಗಿನ ಕಥೆ. ಮೂವತ್ತೊಂಬತ್ತು ಕಂತಾದ ಮೇಲೆ ಏಕಾಏಕಿ ನಿಂತುಹೋಗಿತ್ತು. ಕೊನೆಯ ದೃಶ್ಯದಲ್ಲಿ ಮುಚ್ಚಿದ ಕಬ್ಬಿಣದ ಬಾಗಿಲು, ಒಳಗಿನಿಂದ ಮೂರು ತಟ್ಟು... ಆಮೇಲೆ ಕತ್ತಲೆ.

ಆ ಕತ್ತಲೆಯಿಂದ ಮುಂದಕ್ಕೆ ಈ ಪ್ರಕಾಶನ ಕಾದಂಬರಿಗಳನ್ನು ತರುತ್ತಿತ್ತು. ಮೂರು ಬಂದಿದ್ದವು, ಮೂರೂ ಇವನು ಬರೆದವೇ. ಟೀವಿ ಉಂಡು ಬಿಟ್ಟ ಎಂಜಲು ಎಂದು ವಿಮರ್ಶಕರು ಮೂಗು ಮುರಿದಿದ್ದರು. ಅವಳು ಒಂದನ್ನೂ ಓದದೆಯೇ ಅವರ ಮಾತನ್ನು ಒಪ್ಪಿದ್ದಳು. ನಾಲ್ಕನೆಯದರಲ್ಲಿ ಮಿಸ್ತ್ರಿ ಬದುಕಿ ಬರುತ್ತಾನೆಂದು ತಿಳಿದ ದಿನ ಮಾತ್ರ ಸುಮ್ಮನಿರಲಾಗಲಿಲ್ಲ. ಪ್ರತಿ ಕಂತೂ ಬಲ್ಲ ಒಬ್ಬರು ಸಹಿ ಹಾಕದೆ ಪುಸ್ತಕ ಅಚ್ಚಿಗೆ ಹೋಗಬಾರದೆಂಬುದು ಧಾರಾವಾಹಿಯವರ ಷರತ್ತು. ಆ ಕೆಲಸಕ್ಕೆ ಅವಳೇ ಅರ್ಜಿ ಹಾಕಿದಳು.

ಯಾರೋ ಸಹಿ ಹಾಕುವುದಕ್ಕಿಂತ ನಾನೇ ಕಾವಲಿಗೆ ನಿಲ್ಲುತ್ತೇನೆ... ಅಣ್ಣನಿಗೋಸ್ಕರ!

ಏಕೆಂದರೆ ಮನೆಯಲ್ಲಿ ಅಣ್ಣನ ಹೆಸರೂ ಮಿಸ್ತ್ರಿಯೇ. ಗಡಿಯಾರ, ಫ್ಯಾನು, ಅಪ್ಪನ ಕ್ಷೌರದ ಯಂತ್ರ... ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚುವವನು. ಕೊನೆಯ ಕಂತು ಮುಗಿದಾಗ ಹನ್ನೆರಡು ವರ್ಷದ ತಂಗಿ ಬಿಕ್ಕಿ ಬಿಕ್ಕಿ ಅತ್ತಿದ್ದಳು. ಹಾಸಿಗೆ ಹಿಡಿದಿದ್ದ ಹದಿನೇಳರ ಅಣ್ಣ ಅವಳ ಜಡೆ ಎಳೆದು ಹೇಳಿದ್ದ, "ಅಳಬೇಡ ಗುಬ್ಬಿ. ಮುಗೀಬೇಕಾದ ಹಾಗೇ ಮುಗೀತು."

ಮರುವರ್ಷ ಅವನೂ ಹೊರಟುಹೋದ.

ಮುಗಿದದ್ದು ಮುಗಿಯಲಿ. ಅದನ್ನು ಕೆದಕುವುದಕ್ಕೆ ಇವನಾರು?

*

ಆದರೆ ಅವನು ಅವಳು ಅಂದುಕೊಂಡಂಥವನಾಗಿರಲಿಲ್ಲ.

ಅವನು ಕೈಯಲ್ಲೇ ಬರೆಯುತ್ತಿದ್ದ. ಓರೆಯಾದ, ಒಂದನ್ನೊಂದು ಒರಗಿಕೊಂಡ ಅಕ್ಷರ. ಅವಳು ಅದನ್ನು ಗಟ್ಟಿಯಾಗಿ ಓದುತ್ತಿದ್ದಳು. ಕಣ್ಣು ತಪ್ಪಿಸಿದ್ದನ್ನು ಕಿವಿ ಹಿಡಿಯುತ್ತದೆ ಎಂಬುದು ಅವಳ ಅನುಭವ. ಅಜ್ಜಿಯ ಬಾಯಲ್ಲಿ ಪದ್ಯ ಕೇಳಿ ಬೆಳೆದವಳಿಗೆ ಎಲ್ಲಿ ಉಸಿರು ತಪ್ಪಿದರೂ ಗೊತ್ತಾಗಿಬಿಡುತ್ತಿತ್ತು.

"ಇಲ್ಲಿ ನಿಲ್ಲಿ. ಕಪ್ತಾನನ ಎಡಗೈ ಹನ್ನೊಂದನೇ ಕಂತಲ್ಲೇ ಮುರಿದಿತ್ತು. ಎಡಗೈಯಲ್ಲಿ ಹಗ್ಗ ಎಳಿಯೋಕೆ ಆಗಲ್ಲ."

"ಇಪ್ಪತ್ತೆರಡನೇ ಕಂತಲ್ಲಿ ಎಳೀತಾನಲ್ಲ?"

"ಎಳೆದು, 'ಅಯ್ಯೋ ಸತ್ತೆ' ಅಂತ ಕೂಗ್ತಾನೆ. ಮರೆತ್ರಾ?"

ಅವನು ನಕ್ಕು ಆ ಸಾಲನ್ನು ಹೊಡೆದುಹಾಕುತ್ತಿದ್ದ. ವಾದವಿಲ್ಲ, ಜಂಭವಿಲ್ಲ. ಅವಳು ಹಳೆಯ ಕಂತಿನ ಮಾತುಗಳನ್ನು ಒಂದಕ್ಷರ ಬಿಡದೆ ಒಪ್ಪಿಸುವಾಗ ಪೆನ್ನು ಕೆಳಗಿಟ್ಟು ಕಣ್ಣು ಮುಚ್ಚಿ ಕೇಳುತ್ತಿದ್ದ. ಪ್ರಾರ್ಥನೆಗೆ ಕುಳಿತವರ ಹಾಗೆ...

ಯಾಕೆ ಇವನು ಹೀಗೆ ಕೇಳುತ್ತಾನೆ? ನನ್ನ ದನಿಯಲ್ಲಿ ಅಂಥದ್ದೇನಿದೆ?

ಮೂರನೆಯ ವಾರಕ್ಕೆ ಅವಳ ಕೆಂಪು ಪೆನ್ಸಿಲುಗಳು ತಾನಾಗಿಯೇ ಚೂಪಾಗಿರತೊಡಗಿದವು. ಮೇಜಿನ ಅಂಚಿನಲ್ಲಿ ಮರದ ಸಿಪ್ಪೆ ಬಿದ್ದಿರುತ್ತಿತ್ತು. ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ.

"ಒಂದು ಮಾತು ಕೇಳ್ಲಾ?" ಅಂದಳು ಒಂದು ಮಧ್ಯಾಹ್ನ. "ನಿಮಗೆ ನಿಮ್ಮದೇ ಕಥೆ ಬರೆಯೋ ಶಕ್ತಿ ಇದೆ. ಇನ್ನೊಬ್ಬರ ಹಡಗಲ್ಲಿ ಯಾಕೆ ಕೂತಿದ್ದೀರಿ?"

"ಒಬ್ಬರಿಗೆ ಕಾಯ್ತಾ ಇದ್ದೀನಿ."

"ಯಾರಿಗೆ?"

"ಓದಿದ್ರೆ ಅವರಿಗೇ ಗೊತ್ತಾಗುತ್ತೆ," ಅಂದು ಅವನು ಕಿಟಕಿಯತ್ತ ತಿರುಗಿದ. "ಕೊನೇ ಅಧ್ಯಾಯ ನಾನು ಬರೆಯೋದಲ್ಲ. ಅದು ಅವರ ಪಾಲಿಂದು."

ಯಾವಳೋ ಹಳೆಯ ಗೆಳತಿ ಇರಬೇಕು... ಇರಲಿ! ನನಗೇನಂತೆ?

ನನಗೇನಂತೆ ಎಂದು ದಿನಕ್ಕೆ ಹತ್ತು ಸಲ ಅಂದುಕೊಳ್ಳಬೇಕಾದಾಗಲೇ ಅವಳಿಗೆ ಭಯವಾಯಿತು.

*

ಇನ್ನೂರ ಹನ್ನೆರಡನೆಯ ಪುಟ.

"...ಎಲ್ಲರೂ ಬಾಗಿಲ ಮುಂದೆ ಉಸಿರು ಬಿಗಿಹಿಡಿದು ನಿಂತರು. ಒಳಗಿನಿಂದ ಮೂರು ತಟ್ಟು. ಆಮೇಲೆ ಮೌನ. ಆಮೇಲೆ ಇನ್ನೊಂದು..."

ಅವಳ ದನಿ ಅಲ್ಲೇ ಕಡಿದುಹೋಯಿತು.

ಟೀವಿಯಲ್ಲಿ ಮೂರೇ ತಟ್ಟು. ನಾಲ್ಕನೆಯದು ಇರಲೇ ಇಲ್ಲ. ಅದು ಅಣ್ಣನದು! ಅವನ ಕೋಣೆಗೂ ಅವಳ ಕೋಣೆಗೂ ನಡುವೆ ಒಂದೇ ಗೋಡೆ. ಕೆಮ್ಮು ನಿಂತಾಗ ಅವನು ಮೂರು ಸಲ ತಟ್ಟಿ, ತಡೆದು, ಇನ್ನೊಂದು ತಟ್ಟುತ್ತಿದ್ದ. ಆ ನಾಲ್ಕನೆಯದಕ್ಕೆ ಒಂದೇ ಅರ್ಥ: ಇನ್ನೂ ಇದ್ದೀನಿ, ಗುಬ್ಬಿ.

ಅದನ್ನು ಅವಳು ಒಂದೇ ಕಡೆ ಬರೆದಿಟ್ಟಿದ್ದಳು. ಕಂತುಗಳ ವಿವರ ಬರೆದ ತನ್ನ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ. ಆ ನೋಟ್‌ಬುಕ್ಕನ್ನು ಕೆಲಸಕ್ಕೆ ಸೇರಿದ ದಿನವೇ ಕಚೇರಿಗೆ ಕೊಟ್ಟಿದ್ದಳು!

"ಎಲ್ಲಿಂದ ಕದ್ರಿ ಇದನ್ನ?"

"ಕದ್ದಿಲ್ಲ." ಅವನು ಗಾಬರಿಯಿಂದ ಎದ್ದ. "ಇದು ಒಬ್ಬನದು. ಅವನಿಗೇ ವಾಪಸ್ ಮುಟ್ಟಲಿ ಅಂತ ಬರೆದೆ."

"ಅವನದು ಅಂತ ಗೊತ್ತಿದ್ದೂ ಬರೆದ್ರಾ?! ಯಾರೂ ನೋಡಬಾರದ ಹಾಳೆ ಅದು. ಅದನ್ನೂ ಓದಿ, ಅಚ್ಚು ಹಾಕಿ ಮಾರ್ತೀರಾ?"

ಅವನ ಮುಖದ ಬಣ್ಣವೇ ಇಳಿದುಹೋಯಿತು.

"ನಿಮಗೆ... ನಿಮಗೆ ಅವನು ಗೊತ್ತಾ?"

"ನಾಟಕ ಬೇಡ!"

ಪರಿಶೀಲನಾ ಪತ್ರದ ಮೇಲೆ 'ಪ್ರಕಟಣೆಗೆ ಯೋಗ್ಯವಲ್ಲ' ಎಂದು ಕೆಂಪು ಪೆನ್ಸಿಲಿನಲ್ಲೇ ಬರೆದು ಹೊರನಡೆದಳು. ಅವನು ಚೂಪು ಮಾಡಿಟ್ಟ ಪೆನ್ಸಿಲು. ಮೆಟ್ಟಿಲಿಳಿಯುವಾಗ ಹಿಂದಿನಿಂದ ಅವನು ಕರೆದದ್ದು ಕೇಳಿಸಿತು. ನಿಲ್ಲಲಿಲ್ಲ.

*

ಎರಡು ದಿನ ರಜೆ ಹಾಕಿದಳು. ಮೂರನೆಯ ದಿನ ಸಂಪಾದಕಿಯೇ ಫೋನ್ ಮಾಡಿದರು.

"ನಿನ್ನ ನೋಟ್‌ಬುಕ್ ನನ್ನ ಬೀರು ಬಿಟ್ಟು ಹೊರಗೆ ಬಂದೇ ಇಲ್ಲಮ್ಮ. ಬೀಗದ ಕೈ ನನ್ನ ಬ್ಯಾಗಲ್ಲೇ ಇದೆ. ಇನ್ನು ಆ ಪುಣ್ಯಾತ್ಮ... ಎರಡು ದಿನದಿಂದ ನಮ್ಮ ಮೆಟ್ಟಿಲ ಮೇಲೆ ಕೂತಿದ್ದಾನೆ. ಬಂದೋರೆಲ್ಲ ಅವನನ್ನ ದಾಟ್ಕೊಂಡು ಬರಬೇಕು."

ಹಾಗಾದರೆ... ಎಲ್ಲಿಂದ ಬಂತು ಅವನಿಗೆ?

ಅವಳು ಅಡುಗೆಮನೆಗೆ ಬಂದು ಅಮ್ಮನ ಪಕ್ಕ ಕುಸಿದು ಎಲ್ಲವನ್ನೂ ಹೇಳಿಕೊಂಡಳು. ಬಟಾಣಿ ಬಿಡಿಸುತ್ತಿದ್ದ ಅಮ್ಮನ ಕೈ ನಿಂತಿತು.

"ಆ ಪುಸ್ತಕ ಮೂರೂ ನಾನು ಓದಿದ್ದೀನಿ ಕಣೆ."

"ಅಮ್ಮಾ! ನೀನಾ?"

"ಲೈಬ್ರರಿಯಿಂದ ತಂದು. ನೀನು ಬೈತೀಯ ಅಂತ ಅಕ್ಕಿ ಡಬ್ಬದ ಹಿಂದೆ ಇಟ್ಕೊಂಡಿದ್ದೆ."

"ಚೆನ್ನಾಗಿದೆಯಾ?"

"ಎಲ್ಲಾ ಏನು ಚೆನ್ನಾಗಿಲ್ಲಮ್ಮ. ಎರಡನೇದಂತೂ ಆಕಳಿಸ್ತಾನೇ ಓದಿದೆ." ಅಮ್ಮ ಸೆರಗಿನಿಂದ ಕೈ ಒರೆಸಿಕೊಂಡರು. "ಆದ್ರೆ ಮೂರರಲ್ಲೂ ಊಟದ ಮೇಜಿನ ಹತ್ರ ಮಿಸ್ತ್ರಿ ಕುರ್ಚಿ ಖಾಲಿ ಬಿಟ್ಟಿದ್ದಾರೆ. ಯಾರೂ ಅದರ ಮೇಲೆ ಕೂರಲ್ಲ. ಯಾರೂ ಅದನ್ನ ಎತ್ತಿಡಲ್ಲ. ಬರೆದೋನಿಗೆ ಯಾರನ್ನೋ ಕಳ್ಕೊಂಡು ಗೊತ್ತು ಅನ್ನಿಸ್ತು."

ಅಮ್ಮ ಎದ್ದುಹೋಗಿ ದೇವರ ಪಟದ ಹಿಂದಿನಿಂದ ಒಂದು ಲಕೋಟೆ ತಂದರು. ಹಳದಿ ತಿರುಗಿತ್ತು. ಒಡೆದಿರಲಿಲ್ಲ.

"ನಿಮ್ಮಣ್ಣ ಆ ವರ್ಷ ಒಬ್ಬ ಹುಡುಗನಿಗೆ ಕಾಗದ ಬರೀತಿದ್ದ. ವಾರಪತ್ರಿಕೆಯಲ್ಲಿ ವಿಳಾಸ ಸಿಕ್ಕಿದ್ದಂತೆ. ಧಾರಾವಾಹಿ ನಿಂತುಹೋಯ್ತಲ್ಲ, ಇಬ್ಬರೂ ಸೇರಿ ಮುಂದುವರಿಸ್ತಿದ್ರು. ಒಂದು ಅಧ್ಯಾಯ ಇವನು, ಒಂದು ಅವನು. ಅಂಚೆ ಡಬ್ಬಿಗೆ ಹಾಕೋಳು ನಾನು; ಲಕೋಟೆ ಮೇಲೂ ಕಥೆಯ ಹೆಸರೇ ಇರ್ತಿತ್ತು, ಆ ಹುಡುಗನ ನಿಜವಾದ ಹೆಸರು ನಂಗೆ ಗೊತ್ತಿಲ್ಲ."

"ಅಣ್ಣನಾ? 'ಮುಗೀಬೇಕಾದ ಹಾಗೇ ಮುಗೀತು' ಅಂದಿದ್ನಲ್ಲ ಅವನು!"

"ನೀನು ಅಳ್ತಿದ್ದೆ, ಅದಕ್ಕೆ ಹಾಗಂದ. ನನ್ನ ಹತ್ರ ಹೇಳಿದ್ದೇ ಬೇರೆ. 'ಗುಬ್ಬಿಗೆ ಹೇಳಬೇಡ ಅಮ್ಮ, ಮಿಸ್ತ್ರಿನ ಹೊರಗೆ ಕರ್ಕೊಂಡು ಬಂದ ಮೇಲೆ ಪೂರ್ತಿ ಓದಿ ತೋರಿಸ್ತೀವಿ' ಅಂತ." ಅಮ್ಮ ಲಕೋಟೆಯನ್ನು ಅವಳ ಕೈಗಿಟ್ಟರು. "ಈ ಕಾಗದ ಬರೋ ಹೊತ್ತಿಗೆ ಅವನೇ ಇರಲಿಲ್ಲ. ಒಡೆಯೋಕೆ ಕೈ ಬರಲಿಲ್ಲ ನಂಗೆ... ಆಮೇಲೆ ಮನೇನೂ ಬದಲಾಯಿಸಿದ್ವಿ."

ಅವಳು ಲಕೋಟೆಯನ್ನು ತಿರುಗಿಸಿದಳು. ಓರೆಯಾದ, ಒಂದನ್ನೊಂದು ಒರಗಿಕೊಂಡ ಅಕ್ಷರ!

ಇನ್ನೂರ ಹನ್ನೆರಡು ಪುಟ ಓದಿದ ಕಣ್ಣಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಅಲ್ಲೇ ಒಡೆದಳು.

'ಮಿಸ್ತ್ರಿ, ನೀನು ಬರೆದ ನಾಲ್ಕನೇ ತಟ್ಟು ಕೇಳಿಸಿತು! ಕಪ್ತಾನ ಬಾಗಿಲ ಹತ್ತಿರ ಓಡಿ ಬಂದಿದ್ದಾನೆ. ಬಾಗಿಲು ಹೇಗೆ ತೆಗೆಯಬೇಕು ಅಂತ ನಿನಗೇ ಗೊತ್ತು. ಈಗ ನಿನ್ನ ಸರದಿ. ಬೇಗ ಬರೆ. ನಿಮ್ಮ ಗುಬ್ಬಿ ಹೇಗಿದ್ದಾಳೆ? ಅವಳು ಕಂತುಗಳನ್ನು ಬಾಯಿಪಾಠ ಒಪ್ಪಿಸುವುದನ್ನು ಒಂದು ದಿನ ಬಂದು ಕೇಳಬೇಕು. ಇಂತಿ, ಕಪ್ತಾನ.'

ದೇವರೇ... ಹದಿನಾಲ್ಕು ವರ್ಷ ಅವನು ಉತ್ತರಕ್ಕೆ ಕಾದಿದ್ದಾನೆ!

*

ಸಂಜೆಯ ಬಿಸಿಲು ಮೆಟ್ಟಿಲ ಮೇಲೆ ಬಿದ್ದಿತ್ತು. ಅವನು ಗೋಡೆಗೆ ಒರಗಿ ಕುಳಿತಿದ್ದ. ಅವಳನ್ನು ಕಂಡು ದಡಬಡಿಸಿ ಎದ್ದ.

"ನಾನು ಕದ್ದಿಲ್ಲ. ಅದನ್ನ ಹೇಳೋಕೇ..."

"ಗೊತ್ತು. ಕೂತ್ಕೊಳ್ಳಿ."

ಬರುವ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಒಂದೂ ನೆನಪಾಗಲಿಲ್ಲ. ಲಕೋಟೆಯನ್ನು ಅವನ ಕೈಗಿಟ್ಟಳು.

ಅವನು ತನ್ನದೇ ಅಕ್ಷರವನ್ನು ಬಹಳ ಹೊತ್ತು ನೋಡಿದ. ಆಮೇಲೆ ಅವಳ ಮುಖವನ್ನು.

"ಗುಬ್ಬಿ..." ದನಿ ಪಿಸುಮಾತಾಗಿತ್ತು. "ನೀವು... ಗುಬ್ಬಿ?"

ಅವಳು ತಲೆಯಾಡಿಸಿದಳು.

"ಎಲ್ಲಿ ಅವನು? ಪುಸ್ತಕ ಓದಿದ್ನಾ? ನನ್ನ ಮೇಲೆ ಏನಾದ್ರೂ ಕೋಪಾನಾ? ನಾನು ನಿಮ್ಮ ಹಳೇ ಮನೆ ಹುಡುಕ್ಕೊಂಡು ಬಂದಿದ್ದೆ. ಬೇರೆ ಯಾರೋ ಇದ್ರು..."

ಅವನ ಕಣ್ಣಿನಲ್ಲಿ ಆಸೆ ಹೊತ್ತಿಕೊಂಡಿತ್ತು. ಇದನ್ನು ನಾನೇ ಆರಿಸಬೇಕಲ್ಲ!

"ಈ ಕಾಗದ ಅವನು ಓದಲಿಲ್ಲ," ಅಂದಳು. "ಅದು ಬರೋಕೆ ನಾಲ್ಕು ದಿನ ಮುಂಚೆ... ಅಣ್ಣ ಹೋಗಿಬಿಟ್ಟ. ಕಾಯಿಲೆ ಇತ್ತು ಅವನಿಗೆ. ಹೇಳಿರಲಿಲ್ವಾ?"

ಅವನು ಇಲ್ಲವೆಂದು ತಲೆಯಾಡಿಸಿದ.

"ಬೇಜಾರಾಗಿ ಬಿಟ್ಟುಬಿಟ್ಟ ಅಂದ್ಕೊಂಡಿದ್ದೆ. ಅವನ ಮೇಲೆ ಎಷ್ಟು ಸಿಟ್ಟು ಮಾಡ್ಕೊಂಡೆ ಗೊತ್ತಾ? ಮೂರು ಪುಸ್ತಕ... ಎಲ್ಲೋ ಒಂದು ಅಂಗಡಿಯಲ್ಲಿ ಅವನ ಕಣ್ಣಿಗೆ ಬೀಳುತ್ತೆ, ಆ ಖಾಲಿ ಕುರ್ಚಿ ನೋಡಿ ನಕ್ಕು, 'ಲೋ ಕಪ್ತಾನ' ಅಂತ ಬರೀತಾನೆ ಅಂತ..."

ಅವನು ಮೊಣಕಾಲಿಗೆ ಹಣೆ ಹಚ್ಚಿ ಅತ್ತ. ಅವಳೂ ಅತ್ತಳು.

ಎಷ್ಟೋ ಹೊತ್ತಿನ ಮೇಲೆ ಅವಳು ಕೈ ಚಾಚಿ ಮೆಟ್ಟಿಲ ಪಕ್ಕದ ಮರದ ಕಟಾಂಜನದ ಮೇಲೆ ತಟ್ಟಿದಳು. ಒಂದು, ಎರಡು, ಮೂರು.

ಅವನ ಬೆರಳು ಮೇಲೆದ್ದಿತು. ಅರ್ಧದಲ್ಲೇ ತಡೆಯಿತು.

"ಬೇಡ," ಅಂದ. "ನಾಲ್ಕನೇದು ಅವನದು. ನಾನು ತಟ್ಟಲ್ಲ."

ಆ ಕ್ಷಣದಲ್ಲೇ ಅವಳಿಗೆ ಸ್ಪಷ್ಟವಾಯಿತು. ಇವನ ಕೈಯಲ್ಲಿ ಅಣ್ಣ ಕ್ಷೇಮವಾಗಿದ್ದಾನೆ. ನಾನೂ...

"ಹಾಗಾದ್ರೆ ಬಾಗಿಲು ತೆಗೀರಿ," ಅಂದಳು. "ಪುಸ್ತಕದಲ್ಲಿ."

"ಅದು ಅವನ ಅಧ್ಯಾಯ."

"ಅವನ ಸರದಿ ನಾನು ತಗೋತೀನಿ. ನಾನು ಹೇಳ್ತೀನಿ, ನೀವು ಬರೀರಿ. ಅವನು ಬೀಗ ಹೇಗೆ ಬಿಚ್ಚುತ್ತಿದ್ದ ಅಂತ ನನಗಿಂತ ಚೆನ್ನಾಗಿ ಗೊತ್ತಿರೋದು ನಮ್ಮಪ್ಪನ ಕ್ಷೌರದ ಯಂತ್ರಕ್ಕೆ ಮಾತ್ರ."

ಅಳುವಿನ ನಡುವೆಯೇ ಅವನಿಗೆ ನಗು ಬಂತು.

"ಬಾಗಿಲು ತೆಗೆದ್ರೆ ಅವನು ಪುಸ್ತಕದಲ್ಲಿ ಮಾತ್ರ ಇರ್ತಾನೆ, ಗುಬ್ಬಿ. ಅಷ್ಟು ಸಾಕಾ?"

"ಸಾಕಾಗಲ್ಲ."

"ಗೊತ್ತು."

"ಆದ್ರೂ ತೆಗೀರಿ. ಅಮ್ಮ ಓದ್ತಾಳೆ."

ಮೇಲಿನ ಮಹಡಿಯಲ್ಲಿ ಸಂಪಾದಕಿ ಕಿಟಕಿ ಮುಚ್ಚುವ ಸದ್ದಾಯಿತು. ಅವನು ಕಾಗದವನ್ನು ಮಡಿಸಿ ಅವಳಿಗೆ ಕೊಟ್ಟ. ಕೊಟ್ಟ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಪುಸ್ತಕ ಮುಗಿದ ಮೇಲೂ ನೀವು ಓದೋದನ್ನ ಕೇಳಬೇಕು ನಾನು. ದಿನಾ. ನಿಮ್ಮ ಮೇಲೆ ನನಗೆ... ತುಂಬಾ ಪ್ರೀತಿ. ಪೆನ್ಸಿಲಿಗೆಲ್ಲ ಗೊತ್ತಿತ್ತು, ನಿಮಗೊಬ್ಬರಿಗೇ ಹೇಳಿರಲಿಲ್ಲ."

"ಇದು ಮನಸಿನ ಮಾತಾ? ಅಥವಾ ಸಹಿ ಹಾಕಿಸೋ ಉಪಾಯಾನಾ?"

"ಮನಸಿನ ಮಾತು. ಸಹಿ ಹಾಕದೇ ಇದ್ರೂ ಇದೇ ಮಾತು."

"ಸಹಿ ಕೊನೇ ಅಧ್ಯಾಯ ಓದಿದ ಮೇಲೆ. ಷರತ್ತು ಷರತ್ತೇ."

"ಮತ್ತೆ... ನನ್ನ ಮಾತಿಗೆ?"

ಚಾಚಿದ್ದ ಅವನ ಕೈಯನ್ನು ಅವಳು ಹಿಡಿದುಕೊಂಡಳು.

"ಅದಕ್ಕೆ ಪರಿಶೀಲನೆ ಮುಗಿದಿದೆ, ಕಪ್ತಾನ."