ಹಾಲಿಗೆ ಇಳಿಯದ ನೊರೆ

ಮಂಗಳವಾರ ಬೆಳಗ್ಗೆ 9.40ಕ್ಕೆ ಠಾಣೆಗೆ ಬಂದ ಯುವಕ ಕೂರಲೇ ಇಲ್ಲ. ಬಣ್ಣದ ಕಾರ್ಖಾನೆಯಲ್ಲಿ ಕಸ ಗುಡಿಸುತ್ತಿದ್ದ ಅವನ ಅಕ್ಕ ಹಿಂದಿನ ದಿನ ತೊಳೆನೀರಿನ ತೊಟ್ಟಿಗೆ ಬಿದ್ದು ಸತ್ತಿದ್ದಳು. ಆಕೆಯದೇ ಅಜಾಗರೂಕತೆ ಎಂದು ಕಾರ್ಖಾನೆಯವರು ಬರೆದುಕೊಟ್ಟು ಕೈ ತೊಳೆದುಕೊಂಡಿದ್ದರು.

"ನಿನ್ನೆ 7.20ಕ್ಕೆ ಅಕ್ಕ ಫೋನ್ ಮಾಡಿದ್ಲು ಸಾರ್. ಹಾಲು ಹಾಕಿದ್ರೂ ನೊರೆ ಇಳೀತಿಲ್ಲ, ಆದ್ರೂ ಮೇಸ್ತ್ರಿ ಗುಡಿಸು ಅಂತಾನೆ ಅಂದ್ಲು."

"ತೊಟ್ಟಿಗ್ಯಾಕಪ್ಪ ಹಾಲು?" ಮಹಿಳಾ ಕಾನ್‌ಸ್ಟೇಬಲ್ ಬರೆಯುವುದನ್ನು ನಿಲ್ಲಿಸಿದಳು.

"ಕುಡಿಯೋ ಹಾಲಲ್ಲ ಮೇಡಂ. ನೊರೆ ಕೊಲ್ಲೋ ಔಷಧ. ಬೆಳ್ಳಗಿರುತ್ತೆ, ಅದಕ್ಕೆ ಅಲ್ಲಿ ಎಲ್ರೂ ಹಾಲು ಅಂತಾರೆ. ಅಕ್ಕನ ತಪ್ಪು ಅಂತ ಮಾತ್ರ ಬರೀಬೇಡಿ. ಅವಳಿಗೆ ಮಗಳಿದಾಳೆ, ಮುಂದೊಂದಿನ ಆ ಮಗು ಇದನ್ನ ಓದ್ಬೇಕಾಗತ್ತೆ."

FIR ದಾಖಲಾಯಿತು. 11.15ಕ್ಕೆ ಇನ್‌ಸ್ಪೆಕ್ಟರ್ ಮತ್ತು ಕಾನ್‌ಸ್ಟೇಬಲ್ ಸ್ಥಳಕ್ಕೆ ಹೋದರು. ಕೊಳೆತ ಮೊಟ್ಟೆಯ ನಾತ. ತೊಟ್ಟಿ ಯಾವುದು, ನೆಲ ಯಾವುದು ಎಂದು ಗೊತ್ತಾಗದಂತೆ ಸೊಂಟದೆತ್ತರ ಬೂದು ನೊರೆ ಹರಡಿ, ಅಂಚಿನಲ್ಲಿ ಜೊಲ್ಲಿನಂತೆ ಸೋರುತ್ತಿತ್ತು. ಹೆಣ ಎತ್ತಿದ ಅರ್ಧ ಗಂಟೆಗೇ ತೊಟ್ಟಿಗೆ ತೊಳೆನೀರು ಹಾಯಿಸುವ ಪಂಪು ಮತ್ತೆ ಚಾಲೂ ಮಾಡಿದ್ದರಂತೆ. ಇನ್‌ಸ್ಪೆಕ್ಟರಿಗೆ ಹೇಸಿಗೆಯಾಯಿತು. ಪಂಪು ನಿಲ್ಲಿಸಿ ಎಂದು ಗದರಿದರು.

ಮೇಸ್ತ್ರಿ ರಿಜಿಸ್ಟರ್ ತಂದ. ಸೋಮವಾರ 7.10, ಹಾಲು ಎರಡು ಲೀಟರ್ ಎಂದು ಅವನದೇ ಅಕ್ಷರದಲ್ಲಿತ್ತು.

"ಹಾಲು ಬಿದ್ರೆ ಎರಡು ನಿಮಿಷಕ್ಕೆ ನೊರೆ ಕೂತ್ಬಿಡುತ್ತೆ ಸಾರ್. ಅವಳೇ ನೋಡ್ಕೊಂಡು ನಡೀಲಿಲ್ಲ."

"ಹೌದಾ? ಹಾಲಿನ ಕ್ಯಾನ್ ತನ್ನಿ."

ಪಂಚರ ಎದುರು ತೊಟ್ಟಿಯ ನೀರನ್ನು ಎರಡು ಬಾಟಲಿಗೆ ತುಂಬಿ ಕುಲುಕಿದರು. ಸೀಲಿದ್ದ ಹೊಸ ಕ್ಯಾನನ್ನು ಅಲ್ಲೇ ಒಡೆದು ನಾಲ್ಕು ಹನಿ ಬಿಟ್ಟ ಬಾಟಲಿಯಲ್ಲಿ ನೊರೆ ಕಣ್ಣೆದುರೇ ಕುಸಿಯಿತು. ಬಳಕೆಯಲ್ಲಿದ್ದ ಕ್ಯಾನಿನ ನಾಲ್ಕು ಹನಿಗೆ ಅದು ಕದಲಲಿಲ್ಲ. ಕಾನ್‌ಸ್ಟೇಬಲ್ ಆ ಕ್ಯಾನಿಗೆ ಬೆರಳು ಅದ್ದಿ ಗೋಡೆಗೆ ಸವರಿದಳು.

"ಬಿಳಿ ಬಣ್ಣ ಕದಡಿದ ನೀರು ಸಾರ್ ಇದು. ಹಾಲಿಗೆ ನೀರು ಬೆರೆಸೋರನ್ನ ಕಂಡಿದ್ದೆ. ನೀರನ್ನೇ ಹಾಲು ಅನ್ನೋರನ್ನ ಈಗ ಕಂಡೆ."

ಎಲ್ಲವನ್ನೂ ಪಂಚನಾಮೆಯಲ್ಲಿ ಬರೆದು ಎರಡೂ ಕ್ಯಾನ್ ಜಪ್ತಿ ಮಾಡಿದರು.

"ಕ್ಯಾನ್ ಇಡೋ ಸ್ಟೋರಿನ ಬೀಗದ ಕೈ ಯಾರ ಹತ್ರ ಇರುತ್ತೆ?"

"ನನ್ನ ಹತ್ರ."

"ತೊಟ್ಟಿ ಮುಚ್ಚಳ ತೆಗೆದೋರು?"

"ನಾನೇ. ಭಾನುವಾರ ಸಂಜೆ."

"ತೆಗೆದಿದೆ ಅಂತ ಅವಳಿಗೆ ಹೇಳಿದ್ರಾ?"

ಮೇಸ್ತ್ರಿ ಕೆಳಗೆ ನೋಡಿದ. "ನೊರೆ ತಾನೇ ಸಾರ್. ಗುಡಿಸ್ತಾಳೆ ಅನ್ಕೊಂಡೆ."

ಸಂಜೆ 5.05ಕ್ಕೆ ಅವನನ್ನು ಬಂಧಿಸಲಾಯಿತು. ಸಾವಿಗೆ ಮೃತಳ ಅಜಾಗರೂಕತೆ ಕಾರಣವಲ್ಲ ಎಂದು ಇನ್‌ಸ್ಪೆಕ್ಟರ್ ಕೇಸ್ ಡೈರಿಯಲ್ಲಿ ಸ್ವತಃ ಬರೆದರು.

ಔಷಧ ಹಾಕದಿದ್ದ ಕಾರಣವನ್ನು ಮೇಸ್ತ್ರಿ ತಾನಾಗಿಯೇ ಹೇಳಿದ. ತೊಟ್ಟಿಯ ನೀರನ್ನೇ ಮುಂದಿನ ಬಣ್ಣಕ್ಕೆ ಬಳಸುತ್ತಿದ್ದರು. ಆ ನೀರಿನಲ್ಲಿ ಔಷಧ ಹೆಚ್ಚಾದರೆ ಬಳಿದ ಬಣ್ಣದಲ್ಲಿ ಸಾಸಿವೆಯಷ್ಟು ಕುಳಿಗಳು ಬೀಳುತ್ತವೆ. ಎರಡು ತಿಂಗಳ ಹಿಂದೆ ಹಾಗೆ ಕುಳಿಬಿದ್ದ ಹಲಗೆಯೊಂದನ್ನು ಎಲ್ಲರೆದುರು ಎತ್ತಿ ಹಿಡಿದು ಮ್ಯಾನೇಜರ್ ನಕ್ಕಿದ್ದರು. ಇಪ್ಪತ್ತೆರಡು ವರ್ಷ ಅಲ್ಲೇ ದುಡಿದ ಮೇಸ್ತ್ರಿಗೆ ಆ ನಗು ಜೀರ್ಣವಾಗಲಿಲ್ಲ. ಔಷಧ ನಿಲ್ಲಿಸಿದ್ದು ಯಾರಿಗೂ ತಿಳಿಯಬಾರದೆಂದು ಕ್ಯಾನಿಗೆ ಬಿಳಿ ನೀರು ತುಂಬಿದ.

"ಆಮೇಲೆ ಒಂದೂ ಕುಳಿ ಬಿದ್ದಿಲ್ಲ ಸಾರ್," ಎಂದ. ಚೀಲದಿಂದ ಮಾದರಿ ಹಲಗೆ ತೆಗೆದು ಮೇಜಿನ ಮೇಲಿಟ್ಟ. "ಕೈಯಾಡಿಸಿ ನೋಡಿ, ಎಷ್ಟು ನುಣುಪಾಗಿದೆ."

ಇನ್‌ಸ್ಪೆಕ್ಟರ್ ಅದನ್ನು ಮುಟ್ಟಲಿಲ್ಲ.