ನನ್ನ ಕೇಳದೆ ನನ್ನ ತೀರ್ಮಾನ

"ಅಲ್ಲಾಡ್ಬೇಡ! ಮಗು ಅದು, ಗೊಂಬೆ ಅಲ್ಲ!"

ಮುಖಗವಸಿನ ಮೇಲೆ ಕಂಡದ್ದು ಕೆಂಡದಂಥ ಎರಡು ಕಣ್ಣುಗಳಷ್ಟೇ. ವೈದ್ಯಕೀಯ ಕೊನೆಯ ವರ್ಷದ ಆ ಹುಡುಗಿ, ಹಸುಗೂಸಿನ ಹೊಟ್ಟೆಯ ಗಾಯವನ್ನು ಕೊಕ್ಕೆಯಿಂದ ಅಗಲಿಸಿ ಹಿಡಿದವಳು, ಉಸಿರು ಬಿಗಿಹಿಡಿದಳು.

'ಎಂಥ ಸಿಡುಕಿನ ಮನುಷ್ಯ!'

ಮಕ್ಕಳ ಸರ್ಜನ್ ಆಗಿದ್ದ ಅವನಿಗೆ ವಿದ್ಯಾರ್ಥಿಗಳು ಇಟ್ಟಿದ್ದ ಹೆಸರೇ ಸಿಡಿಲು. ಆದರೆ ಆಪರೇಷನ್ ಮುಗಿದ ಮೇಲೆ ಅದೇ ಸಿಡಿಲು, ಮಗುವಿನ ತಣ್ಣಗಿನ ಪಾದವನ್ನು ಅಂಗೈಯಲ್ಲಿಟ್ಟುಕೊಂಡು ಬೆಚ್ಚಗೆ ಮಾಡುತ್ತ ನಿಂತಿದ್ದ.

ಅವಳು ಸೋತದ್ದು ಅಲ್ಲೇ... ಅವನಿಗೂ, ಆ ಕೆಲಸಕ್ಕೂ.

"ಕಣ್ಣಿನ ಸರ್ಜನ್ ಆಗು ಮಗಳೇ, ನೆಮ್ಮದಿಯಾಗಿರ್ತೀಯ" ಎಂದು ಅಪ್ಪ ಫೋನಿನಲ್ಲಿ ಗೋಗರೆದರೂ ಅವಳ ಮನಸ್ಸು ಮಕ್ಕಳ ವಾರ್ಡನ್ನು ಬಿಟ್ಟು ಕದಲಲಿಲ್ಲ. ಕುರ್ಚಿಯ ತೋಳಿಗೆ ದಾರ ಬಿಗಿದು ಅವನು ಹೊಲಿಗೆಯ ಗಂಟು ಕಲಿಸುತ್ತಿದ್ದ, ಬೈಯುತ್ತಿದ್ದ, ಬೈದಮೇಲೆ ಚಹಾ ತಂದಿಡುತ್ತಿದ್ದ.

ಅಷ್ಟರಲ್ಲಿ, ಚೇತರಿಸಿಕೊಳ್ಳುತ್ತಿದ್ದ ಒಂದು ಮಗು ತೀರಿಕೊಂಡಿತು.

ಅದರ ತಾಯಿಯನ್ನು ತಬ್ಬಿಕೊಂಡು ಅವಳೂ ಅತ್ತಳು. ಮರುದಿನ ಬೆಳಿಗ್ಗೆ, ಮುಂದೆ ಯಾವ ವಿಭಾಗದಲ್ಲಿ ಕಲಿಯಬೇಕೆಂಬ ತನ್ನ ಆಯ್ಕೆ ತಿಳಿಸಲು ವಿಭಾಗದ ಮುಖ್ಯಸ್ಥೆಯ ಕೋಣೆಗೆ ಹೋದರೆ, ಅರೆತೆರೆದ ಬಾಗಿಲಿನಾಚೆ ಅವನ ದನಿ.

"ಅವಳನ್ನ ಇಲ್ಲಿಗೆ ತಗೋಬೇಡಿ ಮೇಡಂ. ಅವಳಿಂದ ಆಗಲ್ಲ."

ಬಾಗಿಲಿಗೆ ಚಾಚಿದ್ದ ಕೈಯನ್ನು ಅವಳು ಹಿಂದಕ್ಕೆಳೆದುಕೊಂಡಳು.

'ಇಷ್ಟೇನಾ ನಾನು? ಇವನ ಕಣ್ಣಲ್ಲಿ... ಇಷ್ಟೇನಾ?'

ತಡವರಿಸುತ್ತ ಆಪರೇಷನ್ ಕೊಠಡಿಯ ಪಕ್ಕದ ಕೈತೊಳೆಯುವ ಕೋಣೆ ಸೇರಿ ಅಪ್ಪನಿಗೆ ಫೋನ್ ಮಾಡಿದಳು. "ಅಪ್ಪಾ... ನೀವು ಹೇಳಿದ್ದೇ ಆಗ್ಲಿ. ಕಣ್ಣು..." ಎನ್ನುತ್ತಲೇ ಫೋನ್ ಇಟ್ಟುಬಿಟ್ಟಳು.

ಹಿಂದೆ ಅವನು ನಿಂತಿದ್ದ.

"ಒಳ್ಳೇದಾಯ್ತು" ಎಂದ, ಮುಖ ತಿರುಗಿಸಿ.

"ಒಳ್ಳೇದಾ? ನನ್ನಿಂದ ಆಗಲ್ಲ ಅಂತ ಮೇಡಂ ಹತ್ರ ಹೇಳಿದ್ರಲ್ಲಾ... ಎಲ್ಲಿ ಎಡವಿದೆ, ಅದನ್ನಾದ್ರೂ ಹೇಳಿ!"

ಅವನು ಅವಳತ್ತ ತಿರುಗಿದ.

"ಎಲ್ಲೂ ಎಡವಿಲ್ಲ. ಆಗ್ದೇ ಇರೋದು ನನ್ನಿಂದ! ಒಂದೊಂದು ಮಗು ಹೋದಾಗ್ಲೂ ವಾರಗಟ್ಟಲೆ ನಿದ್ದೆ ಬರಲ್ಲ. ನಿನ್ನೆ ನೀನು ಅತ್ತಿದ್ದು ನೋಡಿದೆ. ನೀನೂ ನನ್ನ ಥರ ಆಗ್ಬಾರ್ದು. ನಾನು... ನಿನ್ನ ಪ್ರೀತಿಸ್ತೀನಿ ಕಣೇ!"

ಎಷ್ಟು ಹಂಬಲಿಸಿದ್ದಳು ಈ ಮಾತಿಗೆ! ಆದರೂ ಅವಳಿಗೆ ಮೊದಲು ಬಂದದ್ದು ಸಿಟ್ಟೇ.

"ಪ್ರೀತಿ ಇದ್ರೆ ನನ್ನ ಕೇಳ್ಬೇಕಿತ್ತು! ನನ್ನ ಬದುಕನ್ನ ನನ್ನ ಬೆನ್ನ ಹಿಂದೆ ತೀರ್ಮಾನ ಮಾಡೋಕೆ ನೀವ್ಯಾರು? ಬನ್ನಿ, ಇದನ್ನೇ ಮೇಡಂ ಮುಂದೆ ಹೇಳಿ."

ಅವನು ಬಂದ. ತಲೆ ತಗ್ಗಿಸಿ ಹೇಳಿದ. "ಸುಳ್ಳು ಹೇಳಿದೆ ಮೇಡಂ. ಹೆದರಿದ್ದು ನಾನು."

ಮುಖ್ಯಸ್ಥೆ ಕನ್ನಡಕ ತೆಗೆದರು. "ನಿನ್ನ ಮುಖ ನೋಡಿದ್ರೆ ಗೊತ್ತಾಗಲ್ವೇನೋ? ಒಬ್ಬನೇ ನುಂಗ್ಕೊಂಡು ಕೂತಿದ್ದೀಯ. ನಾಳೆ ರಜೆ ತಗೋ, ಆಮೇಲೆ ಬಂದು ನನ್ನ ಹತ್ರ ಮಾತಾಡು." ಅವಳತ್ತ ತಿರುಗಿದರು. "ನೀನು ಹೇಳಮ್ಮಾ. ಯಾವುದು?"

"ಮಕ್ಕಳ ಶಸ್ತ್ರಚಿಕಿತ್ಸೆ."

ದನಿ ನಡುಗಿತು, ನಿರ್ಧಾರ ನಡುಗಲಿಲ್ಲ.

ಹೊರಗೆ ಬಂದು ಬೆಂಚಿನ ಮೇಲೆ ಕುಳಿತಾಗ ಅವನ ಕೆನ್ನೆ ಒದ್ದೆಯಾಗಿತ್ತು. ಅವಳು ಪಕ್ಕದಲ್ಲೇ ಕುಳಿತಳು.

"ನಿಮಗೋಸ್ಕರ ಆರಿಸಿದ್ದಲ್ಲ ಇದು."

"ಗೊತ್ತು. ಆದ್ರೆ ಇಬ್ರೂ ಹೀಗೆ ಅಳ್ತಾ ಕೂತ್ರೆ ವಾರ್ಡು ನೋಡೋರ್ಯಾರು?"

ಅವಳು ಅವನ ಬೆರಳುಗಳ ನಡುವೆ ತನ್ನ ಬೆರಳು ಸೇರಿಸಿದಳು.

"ಸರದಿ ಮೇಲೆ ಅಳೋಣ. ಇವತ್ತು ನಿಮ್ದು."